ತುಂಬಿಸುವ ದಾರಿ ಮೊದಲು, ಬ್ಯಾಟರಿ ಆಮೇಲೆ

ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮನೆಗಳಿಗೆ ಬ್ಯಾಟರಿ ಹೊಸತಲ್ಲ. ಮೆಟ್ಟಿಲ ಕೆಳಗೋ ಯುಟಿಲಿಟಿಯ ಮೂಲೆಯಲ್ಲೋ ಟ್ರಾಲಿಯ ಮೇಲೆ ಕೂತ 150 ಎ.ಎಚ್. (ಆಂಪಿಯರ್-ಅವರ್) ಟ್ಯೂಬ್ಯುಲರ್ ಬ್ಯಾಟರಿ, ಅದರ ಮೇಲೊಂದು ಯುಪಿಎಸ್, ಪಕ್ಕದಲ್ಲಿ ಡಿಸ್ಟಿಲ್ಡ್ ವಾಟರಿನ ಕ್ಯಾನು. ಕರೆಂಟು ಹೋದರೂ ಟಿ.ವಿ. ನಿಲ್ಲುವುದಿಲ್ಲ, ಫ್ಯಾನು ನಿಲ್ಲುವುದಿಲ್ಲ. ಈಗ ಇದೇ ಬಡಾವಣೆಗಳಲ್ಲಿ ಅಲ್ಲೊಂದು ಇಲ್ಲೊಂದು ಫೋರ್ಸ್ ಟ್ರಾವೆಲರ್, ಟಾಟಾ ವಿಂಗರ್ ವ್ಯಾನುಗಳು ಸೀಟು ಕಳಚಿಕೊಂಡು ಹಾಸಿಗೆ, ಸಿಂಕು, ಪುಟ್ಟ ಫ್ರಿಜ್ ಹೊತ್ತು ನಿಲ್ಲತೊಡಗಿವೆ. ಶುಕ್ರವಾರ ಸಂಜೆ ಹೊರಟು ಸಕಲೇಶಪುರದ ತೋಟದಲ್ಲೋ ಚಿತ್ರದುರ್ಗದ ಬಯಲಿನಲ್ಲೋ ಎರಡು ರಾತ್ರಿ ಕಳೆದು ಬರುವ ಆಸೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ರೂಪಿಸಿದ್ದು 2009ರಲ್ಲಿ. ಕೇರಳ ತನ್ನದೇ ಯೋಜನೆ ಶುರು ಮಾಡಿದ್ದು 2021ರಲ್ಲಿ. ಬೆಂಗಳೂರಿನಲ್ಲೇ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಸಿಗುತ್ತದೆ. ಆದರೆ ಸ್ವಂತ ವ್ಯಾನ್ ಕಟ್ಟಿಸಿಕೊಳ್ಳಲು ಹೊರಟವರಿಗೆ ಮರಗೆಲಸ, ಗ್ಯಾಸು, ನೀರಿನ ಟ್ಯಾಂಕು ಎಲ್ಲ ಹೇಗೋ ಬಗೆಹರಿದ ಮೇಲೂ ಒಂದು ವಿಷಯ ಕಗ್ಗಂಟಾಗಿಯೇ ಉಳಿಯುತ್ತದೆ. ಯಾವ ಬ್ಯಾಟರಿ ಹಾಕಿಸುವುದು? ಮನೆಯಲ್ಲಿರುವಂಥದ್ದನ್ನೇ ಒಂದು ಇಟ್ಟರೆ ಆಗದೇ?

ಆಗುವುದಿಲ್ಲ ಎಂಬುದೇ ನನ್ನ ಉತ್ತರ. ಅಂಗಡಿಗೆ ಹೋಗಿ ನಾವು ಮೊದಲು ಕೇಳುವುದು "ಎಷ್ಟು ಎ.ಎಚ್. ಬೇಕು" ಅಂತ. ಅದಕ್ಕೂ ಮೊದಲು ನಮಗೆ ನಾವೇ ಕೇಳಿಕೊಳ್ಳಬೇಕಾದದ್ದು, ಖಾಲಿಯಾದ ಮೇಲೆ ಅದನ್ನು ಎಲ್ಲಿಂದ, ಎಷ್ಟು ಹೊತ್ತಿನಲ್ಲಿ ತುಂಬಿಸುತ್ತೇವೆ ಅಂತ. ನಮ್ಮ ಕಡೆ ಮನೆ ಕಟ್ಟುವವರು ಸಂಪಿನ ಅಳತೆ ನಿರ್ಧರಿಸುವುದು ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಗಂಟೆ ಬರುತ್ತದೆ ಎಂದು ನೋಡಿಕೊಂಡೇ ಹೊರತು ಸಂಪು ದೊಡ್ಡದಿರಲಿ ಎಂಬ ಆಸೆಯಿಂದಲ್ಲ. ವ್ಯಾನಿನ ಬ್ಯಾಟರಿಯ ಲೆಕ್ಕವೂ ಅಷ್ಟೇ.

ಮನೆಯ ಬ್ಯಾಟರಿ ಬದುಕುವ ರೀತಿ ನೋಡಿ. ವರ್ಷದ ಬಹುಪಾಲು ದಿನ ಅದು ಬೆಸ್ಕಾಂ ಲೈನಿಗೆ ಅಂಟಿಕೊಂಡು ತುಂಬಿಯೇ ಇರುತ್ತದೆ. ಕರೆಂಟು ಹೋದಾಗ ಒಂದಷ್ಟು ಹೊತ್ತು ದುಡಿದು, ಬಂದ ತಕ್ಷಣ ಮತ್ತೆ ಚಾರ್ಜಿಗೆ ಕೂರುತ್ತದೆ. ರಾತ್ರಿಯೆಲ್ಲ ಚಾರ್ಜ್ ಆಗಲು ಅದಕ್ಕೆ ಬಿಡುವಿದೆ. ವ್ಯಾನಿನ ಬ್ಯಾಟರಿಗೆ ಆ ಭಾಗ್ಯವಿಲ್ಲ. ಸಂಜೆಯಿಂದ ಬೆಳಗಿನವರೆಗೆ ಖಾಲಿಯಾಗುತ್ತಾ ಹೋಗುತ್ತದೆ, ಬೆಳಿಗ್ಗೆ ಸಿಕ್ಕ ನಾಲ್ಕೈದು ಗಂಟೆಯಲ್ಲಿ ಸಿಕ್ಕಷ್ಟು ನುಂಗಬೇಕು, ಸಂಜೆ ಮತ್ತೆ ದುಡಿಯಬೇಕು. ಸೀಸ-ಆಮ್ಲದ ಬ್ಯಾಟರಿ ಸೋಲುವುದು ಇಲ್ಲಿಯೇ.

ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದ ಸೀಸದ ಬ್ಯಾಟರಿಯ ಮೂಲ ರಸಾಯನ ಇಂದಿಗೂ ಬದಲಾಗಿಲ್ಲ. ಬ್ಯಾಟರಿ ಖಾಲಿಯಾದಾಗ ಗಂಧಕಾಮ್ಲದಲ್ಲಿ ಮುಳುಗಿದ ಸೀಸದ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಮಾಡಿದಾಗ ಕರಗುತ್ತದೆ. ಪೂರ್ತಿ ಚಾರ್ಜ್ ಮಾಡದೆ ಅರ್ಧಂಬರ್ಧ ಬಿಟ್ಟರೆ ಆ ಸಲ್ಫೇಟ್ ಗಟ್ಟಿ ಹರಳಾಗಿ ಕೂತು ಮತ್ತೆ ಕರಗುವುದಿಲ್ಲ, ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತಾ ಹೋಗುತ್ತದೆ. ಇನ್ನು ಚಾರ್ಜಿನ ವೇಗ. 150 ಎ.ಎಚ್. ಟ್ಯೂಬ್ಯುಲರಿಗೆ ಹಿತವಾದ ಚಾರ್ಜಿಂಗ್ ಕರೆಂಟು ಸುಮಾರು 15 ಆಂಪಿಯರ್. ಕಡೆಯ ಐದನೇ ಒಂದು ಭಾಗ ತುಂಬುವಾಗಲಂತೂ ಅದು ಇನ್ನೂ ನಿಧಾನ. ಒಟ್ಟು ಹತ್ತು ಗಂಟೆಗೂ ಮಿಕ್ಕಿದ ಕೆಲಸ. ವ್ಯಾನು ಓಡುವುದು ಅದರ ಅರ್ಧ ಹೊತ್ತು. ಹಾಗಾಗಿ ಪ್ರತಿ ವಾರಾಂತ್ಯವೂ ಆ ಬ್ಯಾಟರಿ ಅರೆಹೊಟ್ಟೆಯಲ್ಲೇ ಇರುತ್ತದೆ, ಅರೆಹೊಟ್ಟೆಯಲ್ಲೇ ಸಾಯುತ್ತದೆ.

ಅಂಗಡಿಯ ಚೀಟಿಯ ಮೇಲಿನ 150 ಎಂಬ ಅಂಕಿಗೂ ಒಂದು ಷರತ್ತಿದೆ. ಅದು 20 ಗಂಟೆಯ ಲೆಕ್ಕ. ಅಂದರೆ ಏಳೂವರೆ ಆಂಪಿಯರಿನಂತೆ ನಿಧಾನವಾಗಿ ಎಳೆದರೆ ಮಾತ್ರ 150. ವೇಗವಾಗಿ ಎಳೆದಷ್ಟೂ ಕೈಗೆ ಸಿಗುವುದು ಕಡಿಮೆ ಎಂದು ಜರ್ಮನಿಯ ವಿಲ್ಹೆಲ್ಮ್ ಪ್ಯೂಕರ್ಟ್ 1897ರಲ್ಲೇ ಸೂತ್ರ ಕೊಟ್ಟಿದ್ದರು. ಮಿಕ್ಸಿ ಹಾಕಿದರೆ 12 ವೋಲ್ಟಿನ ಬ್ಯಾಟರಿಯಿಂದ ಒಮ್ಮೆಗೇ 70 ಆಂಪಿಯರಿಗೂ ಹೆಚ್ಚು ಹರಿಯುತ್ತದೆ. ವೋಲ್ಟೇಜು ಕುಸಿದು, ಬ್ಯಾಟರಿಯಲ್ಲಿ ಚಾರ್ಜ್ ಇನ್ನೂ ಇರುವಾಗಲೇ ಇನ್ವರ್ಟರ್ ಕಿರುಚಿ ಆಫ್ ಆಗುತ್ತದೆ. ಜೊತೆಗೆ ಬಾಳಿಕೆಗಾಗಿ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂಬ ಶಿಸ್ತನ್ನೂ ಪಾಲಿಸಿದರೆ, 150 ಎ.ಎಚ್. ಕೊಂಡವರಿಗೆ ನಿಜವಾಗಿ ದಕ್ಕುವುದು 75.

ಇದು ಸಾಲದೆಂಬಂತೆ ಸುರಕ್ಷತೆಯ ಮಾತಿದೆ. ನೀರು ಹಾಕುವ ಟ್ಯೂಬ್ಯುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಮುಟ್ಟಿದರೆ ಒಂದು ಕಿಡಿ ಸಾಕು. ಮನೆಯ ಯುಟಿಲಿಟಿಗೆ ಜಾಲರಿ ಕಿಟಕಿ ಇರುತ್ತದೆ. ವ್ಯಾನಿನಲ್ಲಿ ಅದೇ ಬ್ಯಾಟರಿ ಮಕ್ಕಳು ಮಲಗುವ ಮಂಚದ ಕೆಳಗೆ ಇರುತ್ತದೆ, ಮಳೆಗೆ ಕಿಟಕಿಗಳನ್ನು ಮುಚ್ಚಿರುತ್ತೀರಿ. ಶಿರಾಡಿ, ಚಾರ್ಮಾಡಿ ಘಾಟಿಗಳ ತಿರುವುಗಳಲ್ಲಿ ಆಮ್ಲ ತುಳುಕುವುದು ಬೇರೆ. ಮನೆಯ ಯುಪಿಎಸ್ ಬ್ಯಾಟರಿಯನ್ನು ಹಾಗೇ ಎತ್ತಿ ವ್ಯಾನಿನೊಳಗೆ ಇಡುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಂತೂ ಈ ಕೆಲಸಕ್ಕೆ ಅಲ್ಲವೇ ಅಲ್ಲ. ಅದರ ತಟ್ಟೆಗಳು ತೆಳು. ಕೆಲವು ಸೆಕೆಂಡ್ ಜೋರಾಗಿ ಕರೆಂಟು ಕೊಡಲೆಂದು ಮಾಡಿದ್ದು. ರಾತ್ರಿಯೆಲ್ಲ ಫ್ಯಾನು ಓಡಿಸಿದರೆ ಬೇಗನೆ ಕೈಕೊಡುತ್ತದೆ, ಬೆಳಿಗ್ಗೆ ವ್ಯಾನೂ ಸ್ಟಾರ್ಟ್ ಆಗುವುದಿಲ್ಲ. ಎಜಿಎಂ ಅಥವಾ ಜೆಲ್ ಎಂಬ ಮುಚ್ಚಿದ ಸೀಸದ ಬ್ಯಾಟರಿಗಳು ಅನಿಲ, ತುಳುಕುವಿಕೆಯ ತೊಂದರೆ ತಪ್ಪಿಸುತ್ತವೆ ನಿಜ. ತೂಕ, ನಿಧಾನ, ಅರ್ಧದ ಮಿತಿ ಹಾಗೆಯೇ ಉಳಿಯುತ್ತವೆ.

ಹಾಗಾದರೆ ಲಿಥಿಯಂ. ಆದರೆ ಯಾವ ಲಿಥಿಯಂ ಎಂಬುದು ಮುಖ್ಯ. ಮೊಬೈಲು, ಲ್ಯಾಪ್‌ಟಾಪ್, ಹಲವು ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿರುವುದು ಕೋಬಾಲ್ಟ್, ನಿಕ್ಕಲ್ ಬೆರೆತ ಜಾತಿ. ಕಡಿಮೆ ಜಾಗದಲ್ಲಿ ಹೆಚ್ಚು ಶಕ್ತಿ ಹಿಡಿಯುತ್ತದೆ, ಬಿಸಿ ಏರಿದರೆ ಹೊತ್ತಿಕೊಳ್ಳುವ ಸ್ವಭಾವವೂ ಅದರದ್ದೇ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಕೇಂದ್ರ ಸರ್ಕಾರ ಎಐಎಸ್ 156 ಎಂಬ ಮಾನದಂಡವನ್ನು ಬಿಗಿಗೊಳಿಸಿ ಆ ವರ್ಷದ ಡಿಸೆಂಬರಿನಿಂದ ಜಾರಿಗೆ ತಂದಿತು. ಮಲಗುವ ಜಾಗಕ್ಕೆ ಬೇಕಾದದ್ದು ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯಲ್ಲಿ ಎಲ್‌ಎಫ್‌ಪಿ ಎನ್ನುತ್ತಾರೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಎನಫ್ ಅವರ ಪ್ರಯೋಗಾಲಯದಲ್ಲಿ ಅಕ್ಷಯ ಪಾಧಿ ಮತ್ತು ಜೊತೆಗಾರರು ಈ ವಸ್ತುವಿನ ಗುಣ ಗುರುತಿಸಿ 1997ರಲ್ಲಿ ಪ್ರಕಟಿಸಿದರು. 2019ರಲ್ಲಿ ಗುಡ್‌ಎನಫ್ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಬಂತು. ಅವರಿಗೆ ಆಗ 97 ವರ್ಷ. ಎಲ್‌ಎಫ್‌ಪಿಯಲ್ಲಿ ಆಮ್ಲಜನಕವನ್ನು ಫಾಸ್ಫೇಟ್ ಗಟ್ಟಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ. ಬಿಸಿಯಾದರೂ ಅದನ್ನು ಸುಲಭಕ್ಕೆ ಬಿಟ್ಟುಕೊಡದ ಕಾರಣ ಬೆಂಕಿಯ ಭಯ ಕಡಿಮೆ. ಒಂದೊಂದು ಸೆಲ್ಲು 3.2 ವೋಲ್ಟ್, ನಾಲ್ಕು ಸೇರಿ 12.8.

ಇದರ ಬಹುದೊಡ್ಡ ಗುಣ ಬೆಂಕಿಯ ವಿಚಾರವೂ ಅಲ್ಲ, ತೂಕವೂ ಅಲ್ಲ. ಕೊಟ್ಟಷ್ಟನ್ನು ಕೊಟ್ಟ ವೇಗದಲ್ಲಿ ತೆಗೆದುಕೊಳ್ಳುವುದು. 200 ಎ.ಎಚ್. ಎಲ್‌ಎಫ್‌ಪಿ 30 ಆಂಪಿಯರನ್ನೋ 50 ಆಂಪಿಯರನ್ನೋ ಹೆಚ್ಚುಕಡಿಮೆ ತುಂಬುವವರೆಗೂ ಒಂದೇ ಸಮ ಒಳಗೆಳೆದುಕೊಳ್ಳುತ್ತದೆ. ಹಾಕಿದ ಕರೆಂಟಿನಲ್ಲಿ ನೂರಕ್ಕೆ 95ರಷ್ಟು ವಾಪಸ್ ಕೊಡುತ್ತದೆ. ಸೀಸದಲ್ಲಿ ಅದು 80ರ ಆಸುಪಾಸು. ಅರ್ಧ ತುಂಬಿ ಬಿಟ್ಟರೂ ಅದಕ್ಕೆ ಬೇಸರವಿಲ್ಲ.

ಈಗ ದಿನದ ಖರ್ಚು ಲೆಕ್ಕ ಹಾಕೋಣ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ದಿನಕ್ಕೆ ಸುಮಾರು 500 ವ್ಯಾಟ್-ಅವರ್. 20 ವ್ಯಾಟಿನ ಫ್ಯಾನು ಹತ್ತು ಗಂಟೆಗೆ 200. ದೀಪಗಳಿಗೆ 100, ಲ್ಯಾಪ್‌ಟಾಪ್ ಮತ್ತು ಫೋನುಗಳಿಗೆ 200, ನೀರಿನ ಪಂಪಿಗೆ 20. ಬೆಳಿಗ್ಗೆ ಚಟ್ನಿಗೆ 750 ವ್ಯಾಟಿನ ಮಿಕ್ಸಿ ಆರು ನಿಮಿಷ ಓಡಿದರೆ 75. ಇನ್ವರ್ಟರ್ ತಾನೇ ತಿನ್ನುವುದನ್ನು ಸೇರಿಸಿ 1,200 ಎಂದಿಟ್ಟುಕೊಳ್ಳಿ. ಎರಡು ದಿನಕ್ಕೆ 2,400. ಇದನ್ನು ಅರ್ಧದ ಮಿತಿಯಲ್ಲಿ ಸೀಸದ ಬ್ಯಾಟರಿಯಿಂದ ಪಡೆಯಲು 150 ಎ.ಎಚ್.ನ ಮೂರು ಬೇಕು. ಒಂದೊಂದು 55-60 ಕಿಲೋ. ಮೂರು ಸೇರಿ ಇಬ್ಬರು ಮನುಷ್ಯರ ತೂಕಕ್ಕೂ ಹೆಚ್ಚು. 100 ಎ.ಎಚ್.ನ ಎರಡು ಎಲ್‌ಎಫ್‌ಪಿ ಸೇರಿದರೆ 2,560 ವ್ಯಾಟ್-ಅವರ್, ತೂಕ 25 ಕಿಲೋ ಆಸುಪಾಸು. ಬಿಡಿ ಬೆಲೆ ನೋಡಿದರೆ ಲಿಥಿಯಂ ದುಬಾರಿ. ಬೇಕಾದಷ್ಟು ಕರೆಂಟಿನ ಬೆಲೆ ಕಟ್ಟಿ, ಒಂದು ಒಳ್ಳೆಯ ಎಲ್‌ಎಫ್‌ಪಿ ಎರಡು ಸಾವಿರಕ್ಕೂ ಹೆಚ್ಚು ಸಲ ಖಾಲಿಯಾಗಿ ತುಂಬಬಲ್ಲದು ಎಂಬುದನ್ನು ಸೇರಿಸಿಕೊಂಡರೆ ಆ ಮಾತು ನಿಲ್ಲುವುದಿಲ್ಲ.

ಲೆಕ್ಕದಲ್ಲಿ ಇಂಡಕ್ಷನ್ ಒಲೆ, ಎ.ಸಿ. ಇಲ್ಲದ್ದನ್ನು ಗಮನಿಸಿರುತ್ತೀರಿ. ಬೇಕೆಂದೇ ಬಿಟ್ಟಿದ್ದೇನೆ. 1,800 ವ್ಯಾಟಿನ ಒಲೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಅಡುಗೆ ಮಾಡಿದರೆ ಬ್ಯಾಟರಿಯನ್ನೇ ಎರಡು ಪಟ್ಟು ಮಾಡಬೇಕಾಗುತ್ತದೆ. ಪೆಟ್ರೋಲ್ ಬಂಕಿನಲ್ಲೂ ಸಿಗುವ 5 ಕಿಲೋ ಗ್ಯಾಸ್ ಸಿಲಿಂಡರ್ ಈ ಕೆಲಸವನ್ನು ಸಲೀಸಾಗಿ ಮಾಡುತ್ತದೆ, ಕಿಟಕಿ ತೆರೆದಿಟ್ಟು ಅಡುಗೆ ಮಾಡುವ ಎಚ್ಚರವೊಂದಿದ್ದರೆ. ರಾತ್ರಿಯೆಲ್ಲ ಎ.ಸಿ. ಬೇಕೇಬೇಕು ಎನ್ನುವವರು ಪ್ಲಗ್ ಪಾಯಿಂಟ್ ಇರುವ ತಂಗುದಾಣ ಹುಡುಕಿಕೊಳ್ಳುವುದೇ ಸರಿ.

ತುಂಬಿಸುವ ದಾರಿಗೆ ಬರೋಣ. ಎಲ್ಲರ ಮನಸ್ಸಿಗೆ ಮೊದಲು ಹೊಳೆಯುವುದು ಸೋಲಾರ್. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಕಟ್ಟಿದ ರಾಜ್ಯ ನಮ್ಮದು, ಬಿಸಿಲಿಗೇನು ಬರ? ಬಯಲುಸೀಮೆಗೆ ಹೋಗುವವರಿಗೆ ಈ ಮಾತು ನಿಜ. ಮಾರ್ಚಿನಲ್ಲಿ ಚಿತ್ರದುರ್ಗದ ಬಯಲಲ್ಲಿ ಚಾವಣಿಯ ಮೇಲಿನ 200 ವ್ಯಾಟಿನ ಪ್ಯಾನೆಲ್ಲು ದಿನದ ಅರ್ಧಕ್ಕಿಂತ ಹೆಚ್ಚು ಖರ್ಚು ತೂಗಿಸುತ್ತದೆ. ಆದರೆ ಪಶ್ಚಿಮ ಬೆಂಗಳೂರಿನ ವ್ಯಾನುಗಳು ಹೆಚ್ಚಾಗಿ ಹೊರಡುವುದು ಮಲೆನಾಡಿಗೆ, ಅದೂ ಮಳೆ ನೋಡಲು. ಕಾಡಿನೊಳಗೆ ಮನಬಂದಲ್ಲಿ ವ್ಯಾನು ನಿಲ್ಲಿಸಲು ಅರಣ್ಯ ಇಲಾಖೆ ಬಿಡುವುದಿಲ್ಲ, ಬಿಡಬಾರದು ಕೂಡ; ಬಂಡೀಪುರದ ಹೆದ್ದಾರಿಯಲ್ಲಂತೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ಗಾಡಿಗಳ ಸಂಚಾರವೇ ಬಂದ್. ಹಾಗಾಗಿ ತಂಗುವುದು ಕಾಫಿ ತೋಟಗಳಲ್ಲಿ, ಮಾಲೀಕರ ಅನುಮತಿ ಪಡೆದು. ಕಾಫಿ ಬೆಳೆಯುವುದೇ ನೆರಳಿನಲ್ಲಿ. ಮೇಲೆ ಸಿಲ್ವರ್ ಓಕ್, ಹಾಲವಾಣ, ಅತ್ತಿ. ಅದರ ಮೇಲೆ ಜುಲೈ ತಿಂಗಳ ಮೋಡ. ಪ್ಯಾನೆಲ್ಲಿನ ಒಂದು ಮೂಲೆಗೆ ನೆರಳು ಬಿದ್ದರೂ ಅದರ ಇಳುವರಿ ಬಿದ್ದುಹೋಗುತ್ತದೆ, ಇಲ್ಲಿ ಪೂರ್ತಿ ನೆರಳು. ನಮ್ಮ ರಾಜ್ಯದ ಅತಿ ಚೆಂದದ ಜಾಗಗಳಲ್ಲಿ, ಅತಿ ಚೆಂದದ ತಿಂಗಳುಗಳಲ್ಲಿ, ಸೋಲಾರನ್ನು ನಂಬಿ ಕೂರುವಂತಿಲ್ಲ.

ಅಲ್ಲಿ ಕೈಹಿಡಿಯುವುದು ರಸ್ತೆ. ಎಂಜಿನ್ ಓಡುವಾಗ ಗ್ಯಾರೇಜಿನವರು ಡೈನಮೋ ಎನ್ನುವ ಆಲ್ಟರ್ನೇಟರ್ ಹೇಗೂ ತಿರುಗುತ್ತಿರುತ್ತದೆ. ಅದರಿಂದ ಒಂದು ಡಿಸಿ-ಡಿಸಿ ಚಾರ್ಜರ್ ಮೂಲಕ ಹಿಂದಿನ ಬ್ಯಾಟರಿಗೆ ಕರೆಂಟು ಕೊಡಬಹುದು. ಸಕಲೇಶಪುರಕ್ಕೆ ನಮ್ಮ ಕಡೆಯಿಂದ ಸುಮಾರು 220 ಕಿಲೋಮೀಟರ್, ನಾಲ್ಕೂವರೆ ಗಂಟೆ. 30 ಆಂಪಿಯರ್ ಚಾರ್ಜರ್ ಇದ್ದರೆ ಅಷ್ಟರಲ್ಲಿ 135 ಎ.ಎಚ್. ತುಂಬಿರುತ್ತದೆ, ಅಂದರೆ ಒಂದೂವರೆ ದಿನದ ಖರ್ಚು. ಮೈಸೂರಿಗಾದರೆ ಲೆಕ್ಕ ಬೇರೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ 118 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇಯಲ್ಲಿ ಕೆಂಗೇರಿಯಿಂದ ಎರಡು ಗಂಟೆಯೊಳಗೆ ತಲುಪುತ್ತೀರಿ, ತುಂಬುವುದು 60 ಎ.ಎಚ್. ಮಾತ್ರ. ಮಂಚನಬೆಲೆ, ಸಾವನದುರ್ಗದಂಥ ಹತ್ತಿರದ ಜಾಗಗಳಿಗೆ ಹೋಗುವವರು ದಾರಿಯನ್ನು ನೆಚ್ಚಿಕೊಳ್ಳದೆ ಹಿಂದಿನ ರಾತ್ರಿ ಮನೆಯಲ್ಲೇ ಚಾರ್ಜಿಗೆ ಹಾಕಿಕೊಳ್ಳಬೇಕು. 20 ಆಂಪಿಯರ್ ಚಾರ್ಜರಿಗೆ ಹತ್ತು ಗಂಟೆಯ ಕೆಲಸ, ಸುಮಾರು ಮೂರು ಯೂನಿಟ್ ಕರೆಂಟು. ಅಪಾರ್ಟ್‌ಮೆಂಟಿನವರು ಪಾರ್ಕಿಂಗಿನ ಪ್ಲಗ್ಗಿಗಾಗಿ ಸಂಘದವರನ್ನು ಒಪ್ಪಿಸಿಕೊಳ್ಳಬೇಕಾದೀತು.

ಡಿಸಿ-ಡಿಸಿ ಚಾರ್ಜರ್ ಬೇಡ, ಒಂದು ರಿಲೇ ಹಾಕಿ ನೇರವಾಗಿ ಜೋಡಿಸುತ್ತೇನೆ ಎನ್ನುವ ಎಲೆಕ್ಟ್ರಿಷಿಯನ್ ಸಿಕ್ಕರೆ ಒಪ್ಪಬೇಡಿ. ಎಲ್‌ಎಫ್‌ಪಿಯ ಹಸಿವಿಗೆ ಮಿತಿಯಿಲ್ಲ, ಆಲ್ಟರ್ನೇಟರ್ ಕೊಡಬಲ್ಲಷ್ಟನ್ನೂ ಎಳೆದುಕೊಂಡು ಅದನ್ನೇ ಸುಟ್ಟುಹಾಕಬಹುದು. ಬಿಎಸ್6 ಗಾಡಿಗಳಲ್ಲಿ ಕೆಲವುದರ ಆಲ್ಟರ್ನೇಟರ್ ಡೀಸೆಲ್ ಉಳಿಸಲೆಂದು ಆಗಾಗ ವೋಲ್ಟೇಜ್ ಇಳಿಸುತ್ತದೆ. ಆಗ ನೇರ ಜೋಡಣೆಯಲ್ಲಿ ಚಾರ್ಜೇ ಆಗುವುದಿಲ್ಲ. ನಿಂತಲ್ಲೇ ಎಂಜಿನ್ ಓಡಿಸಿ ಚಾರ್ಜ್ ಮಾಡುವ ಯೋಚನೆಯೂ ಬೇಡ. ಐಡಲಿಂಗಿನಲ್ಲಿ ಆಲ್ಟರ್ನೇಟರ್ ಕೊಡುವುದು ಕಡಿಮೆ, ಡೀಸೆಲ್ ದಂಡ, ತೋಟದ ಮನೆಯವರ ನಿದ್ದೆಯೂ ಹಾಳು.

ಬಿಸಿಲು-ಚಳಿಯ ಬಗ್ಗೆ ಒಂದು ಮಾತು. 2016ರ ಏಪ್ರಿಲ್‌ನಲ್ಲಿ ಬೆಂಗಳೂರೇ 39.2 ಡಿಗ್ರಿ ಕಂಡಿತ್ತು, ಕಲಬುರಗಿ ಕಡೆ ಅದು ಪ್ರತಿ ಬೇಸಿಗೆಯ ಮಾತು. 25 ಡಿಗ್ರಿಯಿಂದ ಮೇಲೆ ಪ್ರತಿ ಹತ್ತು ಡಿಗ್ರಿಗೆ ಸೀಸದ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಎಲ್‌ಎಫ್‌ಪಿಗೂ ಬಿಸಿ ಒಳ್ಳೆಯದಲ್ಲ, ಸೈಲೆನ್ಸರ್ ಹಾದುಹೋಗುವ ಕಡೆ ಇಡಬೇಡಿ. ಆದರೆ ಅದರ ನಿಜವಾದ ಶತ್ರು ಚಳಿ. ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಒಳಗೆ ಅಂಟಿಕೊಂಡು ಸೆಲ್ಲು ಶಾಶ್ವತವಾಗಿ ಹಾಳಾಗುತ್ತದೆ. ಕರ್ನಾಟಕದಲ್ಲಿ ಈ ಚಿಂತೆಯಿಲ್ಲ. ಆದರೆ ನಮ್ಮವರಿಗೆ ಲಡಾಖ್ ಕನಸು ಇದ್ದೇ ಇದೆ. ಸರ್ಚುವಿನಂಥ ಎತ್ತರದ ಜಾಗಗಳಲ್ಲಿ ಜೂನ್ ರಾತ್ರಿಯೂ ಶೂನ್ಯ ಮುಟ್ಟಬಹುದು. ಆ ದಾರಿಗೆ ಹೋಗುವವರು ಚಳಿಯಲ್ಲಿ ತಾನೇ ಚಾರ್ಜ್ ನಿಲ್ಲಿಸುವ ಬಿಎಂಎಸ್ ಇರುವ ಬ್ಯಾಟರಿಯನ್ನೇ ಕೊಳ್ಳಬೇಕು.

ಬಿಎಂಎಸ್ ಎಂದರೆ ಸೆಲ್ಲುಗಳನ್ನು ಕಾಯುವ ಎಲೆಕ್ಟ್ರಾನಿಕ್ ಹಲಗೆ. ಅಂಗಡಿಯಲ್ಲಿ ಎ.ಎಚ್. ಕೇಳಿದಷ್ಟೇ ಗಟ್ಟಿಯಾಗಿ ಅದು ಎಷ್ಟು ಆಂಪಿಯರ್ ನಿರಂತರ ತಾಳುತ್ತದೆ ಎಂದು ಕೇಳಿ. 100 ಆಂಪಿಯರ್ ಎಂದರೆ 1,280 ವ್ಯಾಟ್. ಮಿಕ್ಸಿ ಶುರುವಾಗುವ ಗಳಿಗೆಯಲ್ಲಿ ಎಳೆಯುವ ಹೆಚ್ಚುವರಿ ಕರೆಂಟನ್ನೂ ಅದು ತಾಳಬೇಕು. 200 ಎ.ಎಚ್.ನ ಒಂದು ಬ್ಯಾಟರಿಗಿಂತ ಒಂದೇ ತಯಾರಿಕೆಯ 100 ಎ.ಎಚ್.ನ ಎರಡು ನನಗೆ ಇಷ್ಟ. ಒಂದು ಕೈಕೊಟ್ಟರೆ ಇನ್ನೊಂದರಲ್ಲಿ ದೀಪ ಉರಿಯುತ್ತದೆ. ಸೆಲ್ಲು ಯಾರದ್ದು, ಐಎಸ್ 16046 ಎಂಬ ಸುರಕ್ಷತಾ ಮಾನದಂಡದ ಗುರುತು ಇದೆಯೇ, ಬೆಂಗಳೂರಿನಲ್ಲೇ ಸರ್ವೀಸ್ ಇದೆಯೇ, ವಾರಂಟಿ ಬರಹದಲ್ಲಿ ಕೊಡುತ್ತಾರೆಯೇ, ಇಷ್ಟನ್ನು ತಿಳಿದುಕೊಳ್ಳದೆ ದುಡ್ಡು ಕೊಡಬೇಡಿ. ಹಳೆಯ ಎಲೆಕ್ಟ್ರಿಕ್ ಗಾಡಿಗಳಿಂದ ಕಿತ್ತ ಸೆಲ್ಲುಗಳನ್ನು ಹೊಸ ಪೆಟ್ಟಿಗೆಗೆ ತುಂಬಿ ಅಗ್ಗಕ್ಕೆ ಮಾರುವವರಿದ್ದಾರೆ. ಮಕ್ಕಳು ಮಲಗುವ ಮಂಚದ ಕೆಳಗೆ ಅಂಥದ್ದು ಬೇಡ. ಇನ್ನೊಂದು ಉಪಕರಣಕ್ಕೂ ಹಣ ಎತ್ತಿಡಿ. ಸೀಸದ ಬ್ಯಾಟರಿಯಲ್ಲಿ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಅಂದಾಜಿಸಬಹುದು, 12.7 ಎಂದರೆ ತುಂಬಿದೆ, 12.2 ಎಂದರೆ ಅರ್ಧ. ಎಲ್‌ಎಫ್‌ಪಿಯ ವೋಲ್ಟೇಜು ಕಡೆಯವರೆಗೂ ಹೆಚ್ಚು ಕದಲುವುದಿಲ್ಲ. ಒಳಬಂದ, ಹೊರಹೋದ ಆಂಪಿಯರನ್ನು ಎಣಿಸುವ ಶಂಟ್ ಮೀಟರ್ ಇದ್ದರಷ್ಟೇ ಲೆಕ್ಕ ಸಿಗುತ್ತದೆ.

ವೈರಿಂಗ್ ಬಗ್ಗೆ ಬೆಂಗಳೂರಿನ ಮನೆ ಎಲೆಕ್ಟ್ರಿಷಿಯನ್ನರಿಗೆ ಕೈಮುಗಿದು ಹೇಳಬೇಕಾದದ್ದಿದೆ. ಮನೆಯಲ್ಲಿ 230 ವೋಲ್ಟಿಗೆ 1,500 ವ್ಯಾಟ್ ಎಂದರೆ ಆರೂವರೆ ಆಂಪಿಯರ್, ಎರಡೂವರೆ ಎಂಎಂ ವೈರು ಧಾರಾಳ. ಅದೇ 1,500 ವ್ಯಾಟ್ 12 ವೋಲ್ಟಿನಲ್ಲಿ 125 ಆಂಪಿಯರಿಗೂ ಹೆಚ್ಚು. ಅಲ್ಲಿ ಬೇಕಾದದ್ದು 35ರಿಂದ 50 ಚದರ ಎಂಎಂ ತಾಮ್ರದ ಕೇಬಲ್, ಸರಿಯಾಗಿ ಕ್ರಿಂಪ್ ಮಾಡಿದ ಲಗ್ಗುಗಳು. ಬ್ಯಾಟರಿಯ ಪಾಸಿಟಿವ್ ತುದಿಗೆ ಅಂಟಿದಂತೆಯೇ ಒಂದು ತಕ್ಕ ಡಿಸಿ ಫ್ಯೂಸು ಇರಬೇಕು. ಶಾರ್ಟ್ ಆದರೆ ಎಲ್‌ಎಫ್‌ಪಿ ಸಾವಿರಾರು ಆಂಪಿಯರ್ ಸುರಿಯುತ್ತದೆ. ಬ್ಯಾಟರಿಗೆ ದುಡ್ಡು ಸುರಿದು ಫ್ಯೂಸು, ಕೇಬಲ್ಲಿನಲ್ಲಿ ಉಳಿಸಹೊರಟವರನ್ನು ಕಂಡರೆ ನನಗೆ ಭಯವಾಗುತ್ತದೆ. ಮನೆಯ ಹಳೆಯ ಯುಪಿಎಸ್ಸನ್ನೇ ವ್ಯಾನಿಗೆ ಹಾಕುವಂತಿಲ್ಲ, ಅದರ ಚಾರ್ಜರ್ ಸೀಸಕ್ಕೆಂದು ಹೊಂದಿಸಿದ್ದು. ಲಿಥಿಯಂ ಮೋಡ್ ಇರುವ ಪ್ಯೂರ್ ಸೈನ್ ವೇವ್ ಇನ್ವರ್ಟರನ್ನೇ ಕೊಳ್ಳಿ.

ಗಾಡಿಯ ಒಳಗನ್ನು ಬದಲಿಸುವ ಮೊದಲು ರಾಜಾಜಿನಗರದ ಕೆಎ 02 ಆಗಲಿ, ಜ್ಞಾನಭಾರತಿಯ ಕೆಎ 41 ಆಗಲಿ, ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನುಮತಿಯಿಲ್ಲದೆ ಗಾಡಿಯ ರೂಪ ಬದಲಿಸುವುದನ್ನು ಒಪ್ಪುವುದಿಲ್ಲ. ಅಪಘಾತವಾದ ದಿನ ವಿಮಾ ಕಂಪನಿ ಮೊದಲು ನೋಡುವುದು ಆರ್‌ಸಿ ಪುಸ್ತಕವನ್ನೇ.

ಕೊನೆಗೆ ಹಳೆಯ ಬ್ಯಾಟರಿಯನ್ನು ಏನು ಮಾಡುವುದು ಎಂಬ ಮಾತು. ಸೀಸದ ವಿಷದ ಕತೆಗೆ ಬೆಂಗಳೂರಿನದೇ ಒಂದು ಅಧ್ಯಾಯವಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ತೊಂಬತ್ತರ ದಶಕದ ಕೊನೆಯಲ್ಲಿ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷಿಸಿದವರಲ್ಲಿ ಪ್ರಮುಖರು. 2000ದಲ್ಲಿ ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತಿತು. ಹಳೆಯ ಬ್ಯಾಟರಿಯನ್ನು ಬಯಲಲ್ಲಿ ಒಡೆದು, ಆಮ್ಲವನ್ನು ಮೋರಿಗೆ ಚೆಲ್ಲಿ, ಸೀಸ ಕರಗಿಸುವ ಕೆಲಸ ಮಾತ್ರ ಪೂರ್ತಿ ನಿಂತಿಲ್ಲ. ಆ ಹೊಗೆ ಕುಡಿಯುವವರು ಅಲ್ಲಿ ದುಡಿಯುವ ಬಡವರು, ಅವರ ಮಕ್ಕಳು. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸೀಸವಿರಲಿ ಲಿಥಿಯಂ ಇರಲಿ, ಹಳೆಯ ಬ್ಯಾಟರಿಯನ್ನು ಮರುಬಳಕೆಗೆ ಸೇರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದ್ದರಿಂದ ವ್ಯಾನಿಗೆ ಲಿಥಿಯಂ ಬಂದ ದಿನ ಹಳೆಯ ಸೀಸದ ಬ್ಯಾಟರಿಯನ್ನು ತೂಕಕ್ಕೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಗುಜರಿಗೆ ಹಾಕಬೇಡಿ; ಬ್ಯಾಟರಿ ಅಂಗಡಿಯಲ್ಲೇ ಹಿಂದಿರುಗಿಸಿ, ರಸೀದಿ ಕೇಳಿ ಪಡೆಯಿರಿ.